ಜಪಾನಿನವನಿಗೆ ಹದ ಮಾಡಿದ ಬಯಲು

…ಆದರೆ ಸುಣ್ಣದ ಗೆರೆ ಅರ್ಧಕ್ಕೆ ನಿಂತಿತ್ತು ಎಂಬುದು ನಿಜವೇ? ಈ ಸಂಗತಿಯನ್ನು ಹೇಳುವಾಗಲೆಲ್ಲ ನಾನು ಹಾಗೇ ಹೇಳಿದ್ದೇನೆ. ಪೆನಾಲ್ಟಿ ಚೌಕದ ಬಲಗೆರೆ ಎಳೆಯುತ್ತಿದ್ದೆ, ಹಟ್ಟಿಯ ಕಡೆಯಿಂದ ಹೆಂಗಸರ ಅಳು ಕೇಳಿಸಿತು, ಸುಣ್ಣದ ಗಾಡಿ ನಿಲ್ಲಿಸಿದೆ, ಗೆರೆ ಅಲ್ಲಿಗೇ ನಿಂತಿತು. ಕೇಳುವುದಕ್ಕೆ ಚೆನ್ನಾಗಿದೆ. ಅದಕ್ಕೇ ನನಗೆ ಅನುಮಾನ. ಜನವರಿಯ ಬೆಳಿಗ್ಗೆ ಆರೂವರೆಗೆ ನಮ್ಮ ಬೆಟ್ಟದ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಕಸುಬು ಗೊತ್ತಿರುವ ಯಾರೂ ಆ ಹೊತ್ತಿನಲ್ಲಿ ಒಣ ಸುಣ್ಣ ಎಳೆಯುವುದಿಲ್ಲ. ಅದು ಮುದ್ದೆಯಾಗಿ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ನಾನು ಗೆರೆ ಎಳೆಯುತ್ತಿರಲಿಲ್ಲ. ಬಹುಶಃ ಎರಡು ಕೈಯಲ್ಲೂ ಲೋಟ ಹಿಡಿದುಕೊಂಡು ಚಹಾ ಕುಡಿಯುತ್ತ ಬಿಸಿಲಿಗೆ ಕಾಯುತ್ತಿದ್ದೆ. ಅಳು ಕೇಳಿಸಿದ್ದು ಮಾತ್ರ ಹೌದು.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಕೂನೂರು ಹತ್ತಿರದ ಹುಬ್ಬತಲೈ ಕಡೆಯ ಒಂದು ಹಟ್ಟಿಯ ಬಯಲನ್ನು ಮೂರು ವಾರದೊಳಗೆ ಫುಟ್‌ಬಾಲ್ ಆಡುವ ಹದಕ್ಕೆ ತರುವ ಕೆಲಸ ನನ್ನದಾಗಿತ್ತು. ಹುಲ್ಲು ನನ್ನ ಕಸುಬು. ಆಡಲು ಬರುವವನು ಜಪಾನಿನ ಆಟಗಾರ, ಆಟ ಬಿಟ್ಟು ಎಷ್ಟೋ ವರ್ಷವಾದವನು. ಅವನ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಓದುವವರು ಅವನನ್ನೇ ನೋಡುತ್ತ ಕೂರುತ್ತಾರೆ, ಉಳಿದವರು ಕಣ್ಣಿಗೇ ಬೀಳುವುದಿಲ್ಲ. ಆ ಮೂರು ವಾರ ನಡೆದದ್ದೂ ಅದೇ.

ಅವನನ್ನು ಕರೆತರುತ್ತಿದ್ದುದು ಬೂಟು ಮಾಡುವ ಒಂದು ಕಂಪನಿ. ಮಸಿನಗುಡಿಯ ಕೆಳಗೆ ಮಾವನಲ್ಲ ಎಂಬ ಊರಿನ ರೆಸಾರ್ಟೊಂದರಲ್ಲಿ ಎರಡು ದಿನ ಆನೆ ನೋಡುವುದು, ಮೂರನೆಯ ದಿನ ಬೆಟ್ಟ ಹತ್ತಿ ಬಂದು ಹಟ್ಟಿಯ ಮಕ್ಕಳ ಜೊತೆ ನಲವತ್ತು ನಿಮಿಷ ಆಡುವುದು. ಸುತ್ತಲೂ ಕ್ಯಾಮೆರಾ. ಇದನ್ನೆಲ್ಲ ನಡೆಸಲು ಕೊಯಮತ್ತೂರಿನಿಂದ ಒಬ್ಬ ಮ್ಯಾನೇಜರ್ ಬಂದಿದ್ದ. ಚಿಕ್ಕ ವಯಸ್ಸು, ಚುರುಕು, ಕಿವಿಯಿಂದ ಫೋನು ಇಳಿಸದವನು.

ಬೇರೆ ಎಲ್ಲ ಊರು ಬಿಟ್ಟು ಈ ಹಟ್ಟಿಯೇ ಯಾಕೆ ಎಂದರೆ ಅಲ್ಲಿನ ಫಿಟ್ಟರ್‌ನಿಂದಾಗಿ. ಚಹಾ ಫ್ಯಾಕ್ಟರಿಯಲ್ಲಿ ಯಂತ್ರ ರಿಪೇರಿ ಮಾಡುವವನು, ನಲವತ್ತು ದಾಟಿದವನು, ಮದುವೆಯಾಗಲಿಲ್ಲ, ತಾಯಿಯ ಜೊತೆ ಇದ್ದ. ಹುಡುಗನಾಗಿದ್ದಾಗ ಫ್ಯಾಕ್ಟರಿಯ ಆಫೀಸಿನ ಟೀವಿಯಲ್ಲಿ ಒಂದು ಪಂದ್ಯ ನೋಡಿ ಈ ಜಪಾನಿನವನಿಗೆ ಮರುಳಾದ. ಅಲ್ಲಿಂದ ಪ್ರತಿ ವರ್ಷ ಆ ಆಟಗಾರನ ಹುಟ್ಟುಹಬ್ಬಕ್ಕೆ ಹಟ್ಟಿಯಲ್ಲಿ ಕೇಕು. ಎಲೆ ಸಾಗಿಸುವ ಪಿಕಪ್ಪಿನ ಮೇಲೆ ಅವನ ಚಿತ್ರ. ಹೊಡೆತಕ್ಕೆ ಮುಂಚೆ ಬಗ್ಗಿ ಅಂಗೈಯಿಂದ ಒಮ್ಮೆ ಹುಲ್ಲು ಮುಟ್ಟುವುದು ಆ ಆಟಗಾರನ ರೂಢಿ. ಹಟ್ಟಿಯ ಮಕ್ಕಳೆಲ್ಲ, ಅವನು ಆಟ ಬಿಟ್ಟ ಮೇಲೆ ಹುಟ್ಟಿದವರು ಕೂಡ, ಚೆಂಡು ಒದೆಯುವ ಮುಂಚೆ ನೆಲ ಮುಟ್ಟುತ್ತಾರೆ. ಒಂದು ವರ್ಷದ ಕೇಕಿನ ವಿಡಿಯೋ ಹೇಗೋ ಜಪಾನು ತಲುಪಿತು. ಕಂಪನಿಗೆ ಬೇಕಾದದ್ದು ಸಿಕ್ಕಿತು.

"ಅವನ ಕಾಲು ನೋಡಣ್ಣ," ಎಂದಿದ್ದ ಫಿಟ್ಟರ್ ಮೊದಲನೆಯ ದಿನವೇ, ಫೋನು ನನ್ನ ಮುಖಕ್ಕೆ ಹಿಡಿದು. "ಎಲೆ ಮೂಟೆ ಹೊತ್ತು ಏರು ಹತ್ತಿದವನ ಕಾಲು ಇದು. ಬೇರೆಯವರದ್ದೆಲ್ಲ ಜಿಮ್ಮು ಕಾಲು."

ಬಯಲಿನ ಮೇಲಿನ ತೋಟದಲ್ಲಿ ಎಲೆ ಕೀಳುವ ಹೆಂಗಸರು ಅವನನ್ನು ಕಂಡರೆ ಬಿಡುತ್ತಿರಲಿಲ್ಲ. ‘ಇದೆ’ ಎನ್ನುವುದಕ್ಕೆ ‘ಇದ್ದ’ ಎನ್ನುವ ನಮ್ಮ ಬೆಟ್ಟದ ಮಾತಿನಲ್ಲೇ ಜಪಾನಿನವನನ್ನು ಅವನ ಮದುಮಗ ಮಾಡಿ ಅಣಕಿಸುತ್ತಿದ್ದರು. "ಏ ಫಿಟ್ಟರು, ನಿನ್ನ ಜಪ್ಪಾನು ಮಾಪಿಳ್ಳೆ ಬಂದರೆ ಇಲ್ಲಿಗೆ ಕಳ್ಸು, ನಮ್ಮ ಸಾಲಲ್ಲಿ ಎರಡು ಕೈ ಕಮ್ಮಿ ಇದ್ದ!"

"ಅವನು ಕೈಯಲ್ಲಿ ಮುಟ್ಟಿದರೆ ಫೌಲು, ಅಕ್ಕ!"

ರೋಲರ್ ಓಡಿಸಲು ಗೂಡಲೂರಿನಿಂದ ಬಂದವನಿಗೆ ಇದೆಲ್ಲ ತಮಾಷೆ. "ಜಪ್ಪಾನು ವರ್ಲ್ಡ್ ಕಪ್ಪು ಗೆದ್ದಿದ್ದುಂಡೋ ಚೇಟ್ಟಾ? ನಮ್ಮ ಕಡೆ ಬಾ, ಬ್ರೆಜಿಲ್ಲಿಗೆ ನಲವತ್ತಡಿ ಕಟೌಟು."

"ಬ್ರೆಜಿಲ್‌ನವನು ನಿಮ್ಮ ಗೂಡಲೂರಿಗೆ ಬಂದನಾ?" ಎಂದ ಫಿಟ್ಟರ್. "ನಮ್ಮವನು ಬರ್ತಾ ಇದ್ದಾನೆ."

ಅವನ ತಾಯಿಯನ್ನು ನಾನು ಎರಡು ಸಲ ಮಾತಾಡಿಸಿದ್ದೆ. ಬಿಸಿಲಿಗೆ ಜಗಲಿಯ ಮೇಲೆ ಕೂರುತ್ತಿದ್ದಳು. ಟೀವಿಯಲ್ಲಿ ಆ ಆಟಗಾರ ಕಂಡಾಗಲೆಲ್ಲ ಅವಳದು ಒಂದೇ ಪ್ರಶ್ನೆಯಂತೆ: "ಆ ಕೂಸಿಗ ಅವ್ವೆ ಇದ್ದಾಳಾ?" ನನ್ನನ್ನೂ ಕೇಳಿದಳು. ಗೊತ್ತಿಲ್ಲ ಎಂದೆ. "ಅಷ್ಟು ದೊಡ್ಡ ಕೆಲಸಕ್ಕೆ ಬಂದಿದ್ದೀಯ, ಅದು ಗೊತ್ತಿಲ್ಲೆಯಾ?" ಎಂದು ನಕ್ಕಳು.

ಈಗ ಕೆಲಸ.

ಹಟ್ಟಿಯ ಬಯಲು ಎಂದರೆ ಮುಂಚೆ ದನ ಮಂದೆ ಕೂಡುತ್ತಿದ್ದ ಜಾಗ. ಹಿಂದೊಮ್ಮೆ ಬೆಟ್ಟದ ಕಡೆ ಕಡಿದು ಕಣಿವೆಯ ಕಡೆ ತುಂಬಿ ಮಟ್ಟ ಮಾಡಿದ್ದರು. ಕಡಿದ ಅರ್ಧ ಕಲ್ಲಿನ ಹಾಗೆ ಗಟ್ಟಿ, ತುಂಬಿದ ಅರ್ಧ ಮೆತ್ತಗೆ. ಹುಲ್ಲು ಕಿಕುಯು, ಇಲ್ಲಿ ಎಲ್ಲೆಲ್ಲೂ ಇರುವುದೇ. ಬಿಟ್ಟರೆ ಹಾಸಿಗೆಯ ಹಾಗೆ ದಪ್ಪವಾಗುತ್ತದೆ, ಚೆಂಡು ಉರುಳುವುದಿಲ್ಲ, ಕಾಲು ಸಿಕ್ಕಿಕೊಳ್ಳುತ್ತದೆ. ಮೊದಲ ವಾರ ಅದನ್ನು ಕುಂಟೆಯಿಂದ ಎರಡೂ ದಿಕ್ಕಿಗೆ ಕೆರೆದು ಒಣ ಬುಡ ತೆಗೆದೆವು, ಎರಡು ಅಂಗುಲಕ್ಕೆ ಇಳಿಸಿ ಕತ್ತರಿಸಿದೆವು, ನಾಲ್ಕು ದಿನ ಬಿಟ್ಟು ಒಂದು ಅಂಗುಲಕ್ಕೆ. ಒಂದೇ ಸಲ ಇಳಿಸಿದರೆ ಬುಡ ಕಂದಿ ಸಾಯುತ್ತದೆ. ಆಮೇಲೆ ಜರಡಿ ಹಿಡಿದ ಮಣ್ಣು ಮರಳು ಬೆರೆಸಿ ತೆಳುವಾಗಿ ಎರಚಿ ಹಲಗೆ ಎಳೆದೆವು.

ಎರಡನೆಯ ವಾರ ಕಾಟಿಗಳು, ಅಂದರೆ ಕಾಡುಕೋಣಗಳು, ಬಂದು ಹೋದವು. ಬೆಳಿಗ್ಗೆ ನೋಡಿದರೆ ಅಂಗೈ ಆಳದ ಗೊರಸಿನ ಗುಂಡಿ, ಸಾಲು ಸಾಲು. ರೋಲರ್‌ನವನು ಒಂದು ಸುತ್ತು ಹೊಡೆದರೆ ಮುಗಿಯಿತು ಎಂದ. ಮುಗಿಯುವುದಿಲ್ಲ. ರೋಲರ್ ಗುಂಡಿಯ ಸುತ್ತಲ ನೆಲವನ್ನು ಒತ್ತಿ ಸಮ ಮಾಡಿದ ಹಾಗೆ ಕಾಣಿಸುತ್ತದೆ, ಅಷ್ಟೆ. ನೆಲ ಉಸಿರುಗಟ್ಟಿ ನೀರು ಇಂಗುವುದಿಲ್ಲ. ಪ್ರತಿ ಗುಂಡಿಗೂ ಮುಳ್ಳುಗುದ್ದಲಿ ಓರೆಯಾಗಿ ಹಾಕಿ ಕೆಳಗಿನಿಂದ ಮೇಲಕ್ಕೆ ಎತ್ತಬೇಕು, ಬಿರುಕಿಗೆ ಮಣ್ಣು ತುಂಬಬೇಕು, ಕಾಲಿನಿಂದ ತುಳಿಯಬೇಕು. ಫಿಟ್ಟರ್ ಮತ್ತು ಅವನ ಗೆಳೆಯರು ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು ಎರಡು ದಿನ ಮಂಡಿಯೂರಿ ಅದನ್ನೇ ಮಾಡಿದರು.

ಕಣಿವೆಯ ಕಡೆಯ ಒಂದು ಮೂಲೆಯಲ್ಲಿ ಒರತೆ. ಎಷ್ಟು ಒಣಗಿದರೂ ತೇವ. ಅಲ್ಲಿಂದ ಹೊರಗಿನ ಚರಂಡಿಗೆ ಎರಡಡಿ ಆಳದ ಕಾಲುವೆ ತೆಗೆದು ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಮೇಲೆ ಮರಳು ತುಂಬಿ ಹುಲ್ಲು ಮುಚ್ಚಿದೆವು. ಅದನ್ನು ಅಗೆದವನೂ ಫಿಟ್ಟರ್‌ನೇ. ಎಷ್ಟು ಆಳ ಎಂದು ಹೇಳಿದವನು ನಾನು.

ನನ್ನ ಸಿಟ್ಟು ಎಲ್ಲಿಂದ ಶುರುವಾಯಿತು ಎಂದು ಈಗ ಹಿಂದೆ ತಿರುಗಿ ಹುಡುಕಿದರೆ ಸಿಕ್ಕುವುದು ಬಣ್ಣ. ಮಂಜಿಗೆ ಸುಟ್ಟು ಹುಲ್ಲಿನ ತುದಿ ಹಳದಿಯಾಗಿತ್ತು. ಬುಡ ಜೀವಂತವಾಗಿತ್ತು, ಆಟಕ್ಕೆ ಏನೂ ತೊಂದರೆಯಿಲ್ಲ. ಮ್ಯಾನೇಜರ್ ಹಸಿರು ಬಣ್ಣದ ಡಬ್ಬಗಳನ್ನು ತಂದು ಇಳಿಸಿದ.

"ಸಾರ್, ಇದು ಹಳದಿ. ಕ್ಯಾಮೆರಾಗೆ ಹಸಿರು ಬೇಕು."

"ಇದು ಜನವರಿ," ಎಂದೆ.

"ಜನವರಿ ಬೇಡ ಸಾರ್, ಹಸಿರು ಬೇಕು."

ನಾನು ಒಪ್ಪಲಿಲ್ಲ. ಡಬ್ಬಗಳು ಒಡೆಯದೆ ಶೆಡ್ಡಿನಲ್ಲೇ ಉಳಿದವು. ಆದರೆ ಅವನು ಮಕ್ಕಳನ್ನು ಬಯಲಿಗೆ ಬಿಡಬೇಡಿ ಎಂದಾಗ ಒಪ್ಪಿದೆ. ಹಗ್ಗ ಕಟ್ಟಿದವನು ನಾನು, ಹಗ್ಗದಾಚೆ ಚೆಂಡು ಹಿಡಿದು ನಿಂತವರನ್ನು ಗದರಿಸಿ ಓಡಿಸಿದವನೂ ನಾನೇ. ಯಾರಿಗಾಗಿ ಬಯಲೋ ಅವರನ್ನು ಬಯಲಿನಿಂದ ಮೂರು ವಾರ ಹೊರಗಿಟ್ಟು, ನಲವತ್ತು ನಿಮಿಷಕ್ಕೆ ಒಳಗೆ ಬಿಡುವುದು, ಅದೂ ಕಂಪನಿ ಕೊಟ್ಟ ನೀಲಿ ಜೆರ್ಸಿಯಲ್ಲಿ. ಆಡುತ್ತಿರುವವರೆಗೆ ಆಟಗಾರ ಸೋಲುತ್ತಾನೆ, ಜನ ಬೈಯುತ್ತಾರೆ, ಮರೆಯುತ್ತಾರೆ. ಆಟ ಬಿಟ್ಟವನು ಸೋಲುವುದೇ ಇಲ್ಲ. ಅವನ ಹೆಸರು ವರ್ಷ ವರ್ಷ ತೂಕ ಏರಿಸಿಕೊಳ್ಳುತ್ತ ಹೋಗುತ್ತದೆ, ಆ ತೂಕ ಯಾರ ಮೇಲೆ ಕೂರುತ್ತದೆ ಎಂದು ಅವನಿಗೆ ಗೊತ್ತೂ ಇರುವುದಿಲ್ಲ. ಅವನ ತಪ್ಪಲ್ಲ. ನನಗೆ ಅವನ ಮೇಲೂ ಸಿಟ್ಟಿತ್ತು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಕೆಲಸ ಶುರುವಾದ ದಿನ ಹಟ್ಟಿಯ ಗೌಡರು ನನಗೆ ಒಂದು ಷರತ್ತು ಹೇಳಿದ್ದರು. "ಬಯಲು ಆಟಕ್ಕೆ ಕೊಟ್ಟದ್ದು ನಿಜ. ಸಾವು ಬಂದರೆ ಸಾವಿಗೇ. ಅದನ್ನ ಯಾರೂ ಯಾರನ್ನೂ ಕೇಳೋದಿಲ್ಲೆ." ನಾನೂ ಈ ಬೆಟ್ಟದವನೇ, ಬೇರೆ ಹಟ್ಟಿಯವನು. ಸತ್ತವರನ್ನು ಮಂಚದ ಸಮೇತ ಬಯಲಿಗೆ ತರುವುದು, ಸುತ್ತಲ ಹಟ್ಟಿಗಳ ಜನ ಬಂದು ಸೇರುವುದು, ಮಂಚದ ಸುತ್ತ ಕುಣಿಯುವುದು, ಹಿರಿಯನೊಬ್ಬ ಸತ್ತವರು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳಿ ಬಿಡಿಸುವುದು, ಇದು ನನಗೆ ಹೊಸದಲ್ಲ. ಈ ಷರತ್ತನ್ನು ಮ್ಯಾನೇಜರ್‌ಗೆ ಹೇಳಿದೆ ಎಂದು ನನಗೆ ನೆನಪು. ಹೇಳಲಿಲ್ಲ ಎಂದು ಅವನು ಅಂದ. ಬಹುಶಃ ಅವನೇ ಸರಿ. ಮೂರು ವಾರದಲ್ಲಿ ಯಾರು ಸಾಯುತ್ತಾರೆ ಎಂದುಕೊಂಡಿರಬೇಕು ನಾನು.

ಆಟಗಾರ ಬರುವುದಕ್ಕೆ ಒಂದು ದಿನ ಮುಂಚೆ, ಬೆಳಿಗ್ಗೆ, ಫಿಟ್ಟರ್‌ನ ತಾಯಿ ಸತ್ತಳು. ಒಲೆ ಮುಂದೆ ಕೂತವಳು ಹಾಗೇ ವಾಲಿಕೊಂಡಳಂತೆ.

ನಾನು ಹೋಗುವ ಹೊತ್ತಿಗೆ ಗೌಡರು ಸುತ್ತಲ ಹಟ್ಟಿಗಳಿಗೆ ಸಾವು ಹೇಳಿಸಿ ಆಗಿತ್ತು. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮಂಚ ಬಯಲಿಗೆ. ಹನ್ನೊಂದಕ್ಕೇ ಜಪಾನಿನವನು. ಮ್ಯಾನೇಜರ್ ಮನೆಯ ಅಂಗಳಕ್ಕೆ ಬಂದು ಚಪ್ಪಲಿ ಬಿಟ್ಟು, ಕೈಮುಗಿದು, ಫೋನು ಜೇಬಿಗಿಟ್ಟ. ಅಷ್ಟು ಮರ್ಯಾದೆ ಅವನಿಗೆ ಗೊತ್ತಿತ್ತು. ಆಮೇಲೆ ಹೇಳಿದ:

"ಫ್ರೀಜರ್ ಬಾಕ್ಸ್ ನಾನು ತರಿಸ್ತೀನಿ. ಕೂನೂರಿಂದ ಒಂದು ಗಂಟೇಲಿ ಬರುತ್ತೆ. ಒರೇ ಒರು ನಾಳ್, ಒಂದೇ ಒಂದು ದಿನ, ಗೌಡರೇ. ನಾಳೆ ಪ್ರೋಗ್ರಾಂ ಮುಗೀಲಿ. ನಾಳಿದ್ದು ಗ್ರ್ಯಾಂಡಾಗಿ ಮಾಡಿ, ಎಲ್ಲಾ ವ್ಯವಸ್ಥೆ ನಮ್ಮದು."

"ಸಾವು ಹೇಳಿಯಾಯ್ತು," ಎಂದರು ಗೌಡರು. "ಹೇಳಿದ ಮೇಲೆ ನಾಳೆ ಬೇಡ ನಾಳಿದ್ದು ಬನ್ನಿ ಅಂದ ಹಟ್ಟಿ ಈ ಸೀಮೆಯಲ್ಲೇ ಇಲ್ಲೆ. ಅವಳೇನು ಮೀನಾ, ಪೆಟ್ಟಿಗೆಯಲ್ಲಿ ಇಡಕ್ಕೆ?"

ಎಲ್ಲರೂ ಫಿಟ್ಟರ್‌ನ ಕಡೆ ತಿರುಗಿದರು. ಅವನು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಪಾಳಿಯಿಂದ ನೇರ ಬಂದಿದ್ದ, ಮೊಣಕೈವರೆಗೆ ಗ್ರೀಸು.

"ಬಾಕ್ಸ್ ಬರಲಿ," ಎಂದ.

"ನಿನಗ ತಲೆ ಸರಿ ಇದ್ದಾ?"

"ಸರಿ ಇದ್ದ, ಗೌಡರೇ. ಅವ್ವೆಯನ್ನ ನಾಳಿದ್ದೂ ಕಳಿಸ್ತೀನಿ. ಅಳೋದು ನಾಳಿದ್ದೂ ಅಳ್ತೀನಿ, ಸಾಯೋವರೆಗೆ ಅಳ್ತೀನಿ. ಅವನು ನಾಳಿದ್ದು ಬರೋದಿಲ್ಲೆ."

ಹೆಂಗಸೊಬ್ಬಳು ಒಳಗಿನಿಂದ, "ಹೆತ್ತದ್ದು ಇದಕ್ಕಾ, ಇದಕ್ಕಾ" ಎಂದು ಎದೆ ಬಡಿದುಕೊಂಡಳು. ಗೌಡರು ಕೋಲು ಊರಿ ಎದ್ದರು. "ಮಗನೇ ಅಂದ ಮೇಲೆ ನಂದೇನಿದ್ದ," ಎಂದು ಹೊರಟುಹೋದರು.

ನಾನು ಅವನ ಪಕ್ಕ ಕೂತೆ. ಬುದ್ಧಿ ಹೇಳಲು ಬಾಯಿ ತೆರೆದೆ. ಅವನು ನನ್ನ ಮುಖ ನೋಡದೆ, "ಆ ಒರತೆ ಮೂಲೆ ಒಣಗಿದ್ದಾ ಅಣ್ಣ?" ಎಂದು ಕೇಳಿದ.

"ಒಣಗಿದೆ," ಎಂದೆ.

ಇದು ಬೆಳಿಗ್ಗೆ ಒಂಬತ್ತಕ್ಕೆ. ಆಗ ನಾನು ನೋಡದೆಯೇ ಹೇಳಿದ್ದೆ, ಹಿಂದಿನ ದಿನದ ಲೆಕ್ಕದಲ್ಲಿ. ಇದನ್ನು ನೆನಪಿಡಬೇಕು, ನಾನೂ, ಓದುವವರೂ.

ಬಾಕ್ಸ್ ಬಂತು. ಗಾಜಿನ ಮುಚ್ಚಳ, ಒಳಗೆ ಸಣ್ಣ ಬಲ್ಬು, ಗುಂಯ್ ಎನ್ನುವ ಸದ್ದು. ಹಟ್ಟಿಯಲ್ಲಿ ಕರೆಂಟು ಹೋಗುತ್ತದೆಂದು ಜನರೇಟರ್ ತಂದರು. ಕಾರ್ಯಕ್ರಮದ ಮೈಕಿಗೆ ಅಂತ ತಂದದ್ದೇ. ತಂತಿ ಸರಿಯಾಗಿ ಕೂರಲಿಲ್ಲ. ತನ್ನ ತಾಯಿಯ ಪೆಟ್ಟಿಗೆಯ ಪ್ಲಗ್ಗನ್ನು ಫಿಟ್ಟರ್‌ನೇ ಬಿಚ್ಚಿ ಸರಿ ಮಾಡಿದ. ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ. ನಾನು ಅಲ್ಲಿ ನಿಂತು ನೋಡಿದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಮ್ಯಾನೇಜರ್ ಇನ್ನೊಂದು ಯೋಚನೆಯೊಂದಿಗೆ ಬಂದ. ಅದು ಅವನದೋ, ಫೋನಿನ ಆಚೆ ಇದ್ದವರದೋ ಗೊತ್ತಿಲ್ಲ. "ಸಾರ್, ನಮ್ಮ ಪ್ಲೇಯರ್ ಅವರೇ ನಾಳೆ ಮನೆಗೆ ಬಂದು ಅಮ್ಮನಿಗೆ ಒಂದು ಮಾಲೆ ಹಾಕಲಿ. ಅಮ್ಮ ಅವರ ಫ್ಯಾನ್ ಅಲ್ವಾ? 'ಅವನಿಗೆ ತಾಯಿ ಇದ್ದಾಳಾ' ಅಂತ ಕೇಳ್ತಿದ್ರಂತೆ. ಅದನ್ನ ನಾವು ಕೆಳಗೆ ಅಕ್ಷರದಲ್ಲಿ ಹಾಕ್ತೀವಿ. ಬ್ಯೂಟಿಫುಲ್ ಆಗಿರುತ್ತೆ." ಫಿಟ್ಟರ್‌ನ ಕಡೆ ತಿರುಗಿದ. "ಅಣ್ಣ, ನೀವು ಜೆರ್ಸಿ ಹಾಕ್ಕೊಂಡು ಪಕ್ಕದಲ್ಲಿ ನಿಂತ್ಕೊಳ್ಳಿ. ಈಗ ಒಂದು ಟ್ರಯಲ್ ತೆಗೀತೀವಿ, ಬೆಳಕು ನೋಡಬೇಕು."

ಫಿಟ್ಟರ್ ಅವನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೇ ಕಾದೆ. ಅವನು ಎದ್ದು ಒಳಗೆ ಹೋಗಿ ನೀಲಿ ಜೆರ್ಸಿ ಹಾಕಿಕೊಂಡು ಬಂದ. ಮಡಿಕೆ ಬಿಚ್ಚಿರದ ಹೊಸ ಜೆರ್ಸಿ. ಪೆಟ್ಟಿಗೆಯ ಪಕ್ಕ ನಿಂತ. ಕ್ಯಾಮೆರಾದವನು, "ಸ್ವಲ್ಪ ಈ ಕಡೆ, ಗಾಜಲ್ಲಿ ನಿಮ್ಮ ನೆರಳು ಬೀಳ್ತಿದೆ" ಎಂದ. ಸರಿದು ನಿಂತ.

ನಾನು ಅಲ್ಲಿಂದ ಬಯಲಿಗೆ ಇಳಿದೆ.

ಒಂದು ಕಾಗದದ ವಿಚಾರ ಹೇಳಬೇಕು. ಆಟಗಾರನ ಎರಡು ಮಂಡಿಗೂ ಆಪರೇಷನ್ ಆಗಿತ್ತು. ಅದಕ್ಕಾಗಿ ಅವನ ಜೊತೆಗಿದ್ದ ವೈದ್ಯ ಒಂದು ನಮೂನೆ ಕಳಿಸಿದ್ದ: ಹಿಂದಿನ ದಿನ ಸಂಜೆ ನಾಲ್ಕರೊಳಗೆ ನೆಲದ ಗಟ್ಟಿತನ ಏಳು ಕಡೆ ಪರೀಕ್ಷಿಸಿ, ಆಡಲು ಯೋಗ್ಯ ಅಥವಾ ಯೋಗ್ಯವಲ್ಲ ಎಂದು ಗುರುತು ಮಾಡಿ, ಮೈದಾನ ನೋಡಿಕೊಂಡವನು ಸಹಿ ಹಾಕಿ ಕಳಿಸಬೇಕು. ಒಂದೇ ಒಂದು ಕಡೆ ಮಿತಿ ಮೀರಿದರೂ ಅವನು ಇಳಿಯುವುದಿಲ್ಲ. ಆ ಇಡೀ ಜಾತ್ರೆಯಲ್ಲಿ ಯಾರೂ ತಿದ್ದಲಾಗದ ಒಂದೇ ಒಂದು ಮಾತು ಈ ಕಾಗದದ್ದು. ಅದು ನನ್ನ ಜೇಬಿನಲ್ಲಿತ್ತು.

ಪರೀಕ್ಷೆಗೆ ನಾನು ಬಳಸುವುದು ಅರ್ಧ ಅಂಗುಲದ ಕಬ್ಬಿಣದ ಸರಳು, ತುದಿ ಮೊಂಡು, ಮೈಮೇಲೆ ಗುರುತು. ಸೊಂಟದ ಎತ್ತರದಿಂದ ನೇರವಾಗಿ ಬಿಡಬೇಕು. ತಳ್ಳಬಾರದು, ಅದರ ತೂಕಕ್ಕೆ ಅದೇ ಇಳಿಯಬೇಕು. ಒಂದೊಂದು ಕಡೆ ಮೂರು ಸಲ. ಮೂರು ಬೆರಳಿನ ಗುರುತು ದಾಟಿದರೆ ನೆಲ ಮೆತ್ತಗೆ, ಓಡುವವನ ಕಾಲು ಸಿಕ್ಕಿ ಮಂಡಿ ತಿರುಚುತ್ತದೆ. ಮಧ್ಯದಲ್ಲಿ ಬಿಟ್ಟೆ: ಒಂದೂವರೆ ಬೆರಳು. ಎರಡು ಗೋಲಿನ ಮುಂದೆ: ಎರಡು, ಎರಡು. ಮೂರು ಮೂಲೆಗಳಲ್ಲಿ ಎರಡು, ಒಂದೂವರೆ, ಎರಡೂವರೆ. ಬರೆದುಕೊಂಡೆ. ಉಳಿದದ್ದು ಒರತೆಯ ಮೂಲೆ.

ಮೊದಲ ಸಲ ಮೂರಕ್ಕೆ ನಿಂತಿತು. ಎರಡನೆಯ ಸಲ ಮೂರು, ಅಥವಾ ಕೂದಲೆಳೆ ಹೆಚ್ಚು. ಮೇಲಿನಿಂದ ಜನರೇಟರ್ ಸದ್ದು ಕೇಳಿಸುತ್ತಿತ್ತು. ಮೂರನೆಯ ಸಲ ನಾಲ್ಕು.

ನಾಲ್ಕು ಬೆರಳು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ, ಅದರಲ್ಲಿ ಸುಳ್ಳಿಲ್ಲ. ಆದರೆ ಬಿಟ್ಟೆನೋ, ತಳ್ಳಿದೆನೋ? ಸೊಂಟದಿಂದ ಬಿಟ್ಟೆನೋ, ಎದೆಯ ಎತ್ತರದಿಂದಲೋ? ಕೈಯ ನೆನಪು ಕಣ್ಣಿನ ನೆನಪಿನ ಹಾಗಲ್ಲ, ಅದು ಸಾಕ್ಷಿ ಹೇಳುವುದಿಲ್ಲ. ನಾಲ್ಕನೆಯ ಸಲ ಬಿಟ್ಟು ನೋಡಬಹುದಿತ್ತು. ನೋಡಲಿಲ್ಲ. ಯೋಗ್ಯವಲ್ಲ ಎಂಬ ಚೌಕದಲ್ಲಿ ಗುರುತು ಹಾಕಿ, ಸಹಿ ಮಾಡಿ, ಫೋಟೋ ತೆಗೆದು ಕಳಿಸಿದೆ.

ಐದು ನಿಮಿಷಕ್ಕೆ ಮ್ಯಾನೇಜರ್ ಇಳಿಜಾರಿನಲ್ಲಿ ಓಡಿ ಬಂದ. "ಬೆಳಿಗ್ಗೆ ಎಲ್ಲಾ ಓಕೆ ಅಂದ್ರಲ್ಲ ಸಾರ್!"

"ಬೆಳಿಗ್ಗೆ ಅಂದಿದ್ದೆ."

"ಒಂದು ಮೂಲೆ ಸಾರ್! ಅವರು ಆ ಮೂಲೆಗೆ ಹೋಗೋದೇ ಇಲ್ಲ. ಇನ್ನೊಂದು ಕಾಗದ ಬರೆಯಿರಿ."

ಸರಳನ್ನು ಅವನ ಕಡೆ ಚಾಚಿದೆ. "ನೀವೇ ಬಿಡಿ. ಎಷ್ಟು ಬರುತ್ತೋ ಅಷ್ಟು ಬರೆಯಿರಿ. ಸಹಿ ನಿಮ್ಮದು."

ಅವನು ಸರಳನ್ನು ಮುಟ್ಟಲಿಲ್ಲ. ನನ್ನನ್ನು ನೋಡಿದ. ಅವನಿಗೆ ಗೊತ್ತಾಯಿತು ಎಂದು ನನಗನಿಸಿತು. ಆದರೆ ಇದು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಆಟಗಾರ ಇಳಿದುಕೊಂಡಿದ್ದ ಮಾವನಲ್ಲದಿಂದ ಒಂದು ಸಾಲಿನ ಉತ್ತರ ಬಂತು: ಕೂನೂರಿನಲ್ಲೇ ಬೇರೆ ಮೈದಾನ ನೋಡಿ. ಮೂರು ವಾರದ ಕೆಲಸ, ಕೇಕುಗಳು, ಕಾಟಿಯ ಗುಂಡಿಗೆ ಮಂಡಿಯೂರಿದವರು, ಎಲ್ಲಕ್ಕೂ ಒಂದು ಸಾಲು. ನನಗೆ ಖುಷಿಯಾಗಬೇಕಿತ್ತು. ಇನ್ನೂ ಸಿಟ್ಟೇ ಬಂತು.

ಫಿಟ್ಟರ್‌ಗೆ ಹೇಳಿದವನು ಮ್ಯಾನೇಜರ್. ಸ್ವಲ್ಪ ಹೊತ್ತಿಗೆ ಅವನು ಬಯಲಿಗೆ ಇಳಿದು ಬಂದ, ಜೆರ್ಸಿಯಲ್ಲೇ. ಮೂಲೆಯ ಹತ್ತಿರ ನಿಂತ. ಕಾಲಿನಿಂದ ಒತ್ತಿ ನೋಡುತ್ತಾನೆ ಎಂದು ಹೆದರಿದೆ. ಒತ್ತಲಿಲ್ಲ. ನಾನು ಬರೆದದ್ದನ್ನು ನಂಬಿದ್ದ.

"ಹಗ್ಗ ಬಿಚ್ಚಿಬಿಡಣ್ಣ," ಎಂದ. "ನಾಳೆ ಜನ ಬರ್ತಾರೆ."

ಮಂಚ ನಾಳೆಯೇ ಬಯಲಿಗೆ ಎಂದು ಗೌಡರಿಗೆ ಹೇಳಿ ಕಳಿಸಿದೆ. ಕತ್ತಲಾಗುವ ಮುಂಚೆ ಬಾಕ್ಸು ಮತ್ತು ಜನರೇಟರ್ ಎರಡನ್ನೂ ಒಂದೇ ವ್ಯಾನಿನಲ್ಲಿ ಸಾಗಿಸಿದರು. ಕೂನೂರಿನಲ್ಲಿ ಮೈಕಿಗೆ ಜನರೇಟರ್ ಬೇಕಾಗಿತ್ತು.

ಮಾರನೆಯ ದಿನ ಹನ್ನೊಂದಕ್ಕೆ ಮಂಚ ಬಯಲಿಗೆ ಬಂತು. ನಾನು ಎಳೆದ ಬಿಳಿ ಗೆರೆಗಳು ಹಾಗೇ ಇದ್ದವು, ಜನ ಅವುಗಳ ಮೇಲೆ ನಡೆದು ಅಳಿಸಿದರು. ಹಟ್ಟಿಯ ಯುವಕರಲ್ಲಿ ಅರ್ಧ ಜನ ಇರಲಿಲ್ಲ. ಬೆಳಿಗ್ಗೆಯೇ ಎರಡು ಪಿಕಪ್ಪು ತುಂಬಿಕೊಂಡು ಕೂನೂರಿಗೆ ಹೋಗಿದ್ದರು, ಇವಳ ಕೈಯಲ್ಲಿ ಉಂಡವರೇ. ಮಂಚದ ಹತ್ತಿರ ನಿಂತಿದ್ದ ಮುದುಕನೊಬ್ಬ ಕೇಳಿದ: "ಹೊರೋದಕ್ಕೆ ಹೆಗಲು ಎಲ್ಲಿ?" "ಹೆಗಲೆಲ್ಲ ಜಪ್ಪಾನಿಗೆ ಹೋಗಿದ್ದ," ಎಂದಳು ಪಕ್ಕದವಳು. ಸಾವಿನ ಬಯಲಿನಲ್ಲೂ ಒಂದಿಬ್ಬರು ಸೆರಗಿನಲ್ಲಿ ನಕ್ಕರು. ಒಂದು ಗಂಟೆಗೆ ಪಿಕಪ್ಪುಗಳು ವಾಪಸು ಬಂದವು. ನೀಲಿ ಜೆರ್ಸಿ ಬಿಚ್ಚಲೂ ಹೊತ್ತಿಲ್ಲದೆ, ಕೆನ್ನೆಗೆ ಬಳಿದ ಬಣ್ಣ ಒರೆಸಿಕೊಳ್ಳುತ್ತ ಓಡಿ ಬಂದು ಕುಣಿತದ ಸುತ್ತಿಗೆ ಸೇರಿಕೊಂಡರು. ಬಿಳಿಯ ಮುಂಡುಗಳ ನಡುವೆ ಒಂದು ಡಜನ್ ನೀಲಿ. ಬಯ್ಯಲೆಂದು ಹೋದವನು ಬಯ್ಯದೆ ನಿಂತೆ. ಅವರು ಚೆನ್ನಾಗಿ ಕುಣಿದರು.

ಹಿರಿಯನು ಪಾಪಗಳನ್ನು ಹೇಳುವಾಗ ಸುತ್ತಲಿದ್ದವರು ಒಂದೊಂದಕ್ಕೂ 'ಪಾಪ' ಎಂದು ದನಿಗೂಡಿಸುತ್ತಾರೆ. ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿದ್ದರೆ ಅದು ಪಾಪ ಎಂದು ಅವನು ಹೇಳಿದಾಗ ನನ್ನ ದನಿ ಹೊರಡಲಿಲ್ಲ. ಅಥವಾ ಅದನ್ನು ಅವನು ಹೇಳಲೇ ಇಲ್ಲವೇನೋ. ಆ ಪಟ್ಟಿ ಉದ್ದ, ನಾನು ಬೇಕಾದ್ದನ್ನು ಮಾತ್ರ ಕೇಳಿಸಿಕೊಂಡಿರಬಹುದು.

ಕೂನೂರಿನಲ್ಲಿ ಆ ಆಟಗಾರ ನಲವತ್ತು ನಿಮಿಷದ ಬದಲು ಒಂದು ಗಂಟೆ ಆಡಿದನಂತೆ. ಹೊಡೆತಕ್ಕೆ ಮುಂ‌ಚೆ ಹುಲ್ಲು ಮುಟ್ಟಿದನಂತೆ, ಅಲ್ಲಿ ಬಣ್ಣ ಹೊಡೆದಿದ್ದರಿಂದ ಅಂಗೈ ಹಸಿರಾಯಿತಂತೆ, ಅವನು ಅದನ್ನು ನೋಡಿ ನಕ್ಕನಂತೆ. ಈ ಕಥೆ ನನಗೆ ಬಹಳ ಇಷ್ಟವಾಯಿತು, ಅದಕ್ಕೇ ನಂಬುವುದಿಲ್ಲ. ಹಟ್ಟಿಯ ಬಯಲು ಯಾಕೆ ತಪ್ಪಿತು ಎಂದು ಅವನಿಗೆ ಯಾರಾದರೂ ಹೇಳಿದರೋ ಇಲ್ಲವೋ ತಿಳಿಯದು.

ತಿಂಗಳು ಕಳೆದ ಮೇಲೆ, ಒಂದು ಭಾನುವಾರ, ಫಿಟ್ಟರ್ ಫೋನು ಮಾಡಿ ಕರೆದ. ನಡುವೆ ಎರಡು ಮಳೆ ಬಂದಿತ್ತು. ಹೋಗಿ ನೋಡಿದರೆ ತಲೆ ಬೋಳಿಸಿಕೊಂಡವನು ಒಬ್ಬನೇ ಒರತೆಯ ಮೂಲೆಯಲ್ಲಿ ಗುದ್ದಲಿ ಹಿಡಿದು ನಿಂತಿದ್ದ. ಹುಲ್ಲಿನ ಹಾಸು ಚೌಕ ಚೌಕವಾಗಿ ಕತ್ತರಿಸಿ ನೆರಳಿಗೆ ಜೋಡಿಸಿಟ್ಟಿದ್ದ, ನಾನು ಕಲಿಸಿದ ಹಾಗೆಯೇ.

"ನನ್ನ ತಪ್ಪು ಅಣ್ಣ," ಎಂದ. "ಎರಡಡಿ ನೀನು ಹೇಳಿದ್ದೆ. ಕೊನೆಯ ಹತ್ತು ಮಾರು ಬಂಡೆ ಸಿಕ್ತು, ಸಾಕು ಅಂತ ಒಂದೂವರೆಗೇ ಬಿಟ್ಟೆ. ನಿನಗ ಹೇಳಲಿಲ್ಲೆ. ಆ ಅರ್ಧ ಅಡಿಗೆ ಅವನು ಬರಲಿಲ್ಲೆ."

ಬಾಯಿ ತೆರೆದೆ. ಬಂದದ್ದು ಇಷ್ಟೇ: "ಹಾಗೆಲ್ಲ ಅಂದ್ಕೋಬೇಡ."

"ಅಂದ್ಕೊಂಡ್ರೇನು, ಬಿಟ್ರೇನು. ಮಕ್ಕಳು ಆಡ್ತಾರೆ, ಸರಿ ಮಾಡ್ಬೇಕು. ಹಗ್ಗದ ತುದಿ ಹಿಡಿ."

ಹಿಡಿದೆ. ಮಧ್ಯಾಹ್ನದವರೆಗೆ ಕಾಲುವೆ ಬಿಚ್ಚಿದೆವು. ಅವನು ಹೇಳಿದ ಜಾಗದಲ್ಲಿ ಬಂಡೆ ಇತ್ತು, ಕಾಲುವೆ ಅಲ್ಲಿ ಮೇಲೇರಿತ್ತು. ಜಲ್ಲಿಯ ನಡುವೆ ಕೆಸರು ತುಂಬಿತ್ತು. ಅವನು ಒಂದು ಹಿಡಿ ತೆಗೆದು ನನಗೆ ತೋರಿಸಿದ. ಸಾಕ್ಷಿ ಸಿಕ್ಕಿತು ಎನ್ನುವ ಹಾಗೆ.

ಆ ಕೆಸರು ನಾನು ಸರಳು ಬಿಟ್ಟ ದಿನವೇ ಅಲ್ಲಿತ್ತೋ, ಅಥವಾ ಅವನ ತಾಯಿಯ ಸಾವಿಗೆ ಬಂದ ಜನ ತುಳಿದು, ಆಮೇಲೆ ಎರಡು ಮಳೆ ಬಂದು ಇಳಿದದ್ದೋ, ನೋಡಿ ಹೇಳಲು ಸಾಧ್ಯವಿರಲಿಲ್ಲ. ಇಷ್ಟು ವರ್ಷ ಮಣ್ಣು ನೋಡಿದವನಿಗೂ ಸಾಧ್ಯವಿರಲಿಲ್ಲ. ಅವನಿಗೆ ನಾನು ಏನನ್ನೂ ಹೇಳಿಲ್ಲ. ಆ ಮೂಲೆ ಆ ದಿನ ಆಡಲು ಯೋಗ್ಯವಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.